ಅರ್ಧಕ್ಕೆ ನಿಲ್ಲುವ ಮುಳ್ಳು

ಅಂಗಳದಲ್ಲಿ ಸ್ವಂತ ಕಾರು ನಿಂತಿರುವಾಗ ಹೆಂಡತಿ ತವರಿಗೆ ಬಸ್ಸಿನಲ್ಲಿ ಹೋಗುವುದನ್ನು ನೋಡುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ. ನನಗೆ ಸಿಕ್ಕಿತ್ತು. ಎಂಬತ್ತರ ದಶಕದ ಕೊನೆಯಲ್ಲಿ, ಇಡೀ ಚಿಕ್ಕೋಡಿಯ ಕಣ್ಣೆದುರಿಗೆ. "ಮಾಸ್ತರ್ರ, ಗಾಡಿ ಮನ್ಯಾಗ ಐತೇನ್ರಿ?" ಎಂದು ಜನ ಕೇಳುತ್ತಿದ್ದರು. ಗೊತ್ತಿಲ್ಲದೆ ಅಲ್ಲ, ನನ್ನ ಮುಖ ಹೇಗಾಗುತ್ತದೆಂದು ನೋಡುವುದಕ್ಕೆ.

ತಪ್ಪು ನನ್ನದೇ. ಅಥಣಿಯ ದ್ರಾಕ್ಷಿ ತೋಟದವರೊಬ್ಬರಿಂದ ಕೊಂಡ ಹಳೆಯ ಪೆಟ್ರೋಲ್ ಕಾರಿನಲ್ಲಿ ನಾವಿಬ್ಬರೂ ಹಾರೂಗೇರಿಗೆ, ನಾದಿನಿಯ ನಿಶ್ಚಯಕ್ಕೆ ಹೊರಟಿದ್ದೆವು. "ನೋಡು ಸುಶೀಲಾ, ಇಂಥಾ ಬಿಸಲಾಗೂ ಮುಳ್ಳು ಏಳವಲ್ದು. ಎಂಜಿನ್ ಅಂದ್ರ ಇದು!" ಎಂದು ದಾರಿಯುದ್ದಕ್ಕೂ ಕೊಚ್ಚಿಕೊಂಡೆ. ಬಿಸಿ ತೋರಿಸುವ ಆ ಮುಳ್ಳು ಏಳದಿದ್ದುದು ಅದರ ತಂತಿ ಹರಿದಿದ್ದರಿಂದ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನಿಗೆ ಇದು ಹೊಳೆಯಲಿಲ್ಲ. ರಾಯಬಾಗ ದಾಟಿದ ಮೇಲೆ ಎಂಜಿನ್ ಕುದಿದು ಜಾಮ್ ಆಯಿತು. ನಾವು ಮುಟ್ಟುವಷ್ಟರಲ್ಲಿ ಅಕ್ಕನಿಲ್ಲದೆಯೇ ತಂಗಿಯ ನಿಶ್ಚಯ ಮುಗಿದಿತ್ತು.

"ಆ ಮೀಟರ್ ಖರೆ ಹೇಳೂತನಕ ನಾ ಈ ಗಾಡಿ ಹತ್ತಂಗಿಲ್ಲ," ಎಂದಳು ಸುಶೀಲಾ. ಬೈದಿದ್ದರೆ ಚೆನ್ನಾಗಿತ್ತು.

ಬೇರೆ ಎಂಜಿನ್ನೇನೋ ಸಿಕ್ಕಿತು. ಮೂಲೆಗೆ ಬಿದ್ದ ಟೆಂಪೊ ಒಂದರ ಡೀಸೆಲ್ ಎಂಜಿನ್ನನ್ನು ನಿಪ್ಪಾಣಿಯ ಗ್ಯಾರೇಜಿನಲ್ಲಿ ಕೂರಿಸಿದರು. ಎಂಜಿನ್ ಕೂರಿಸುವುದೇ ದೊಡ್ಡ ಕೆಲಸವೆಂದು ತಿಳಿಯಬೇಡಿ. ಕಬ್ಬಿಣ ಬಡಿದರೆ ಮಾತು ಕೇಳುತ್ತದೆ, ವೈರು ಕೇಳುವುದಿಲ್ಲ. ಮೊದಲ ದಿನ ಕೀಲಿ ತಿರುವಿ ತೆಗೆದೆ. ಮೀಟರುಗಳೆಲ್ಲ ಮಲಗಿದವು, ಎಂಜಿನ್ ಮಾತ್ರ ಗುಡುಗುತ್ತಲೇ ಇತ್ತು. ಡೀಸೆಲ್ಲಿಗೆ ಕಿಡಿ ಬೇಡ, ಆದ್ದರಿಂದ ಕೀಲಿಯ ಹಂಗೂ ಇಲ್ಲ. ಬಂದ್ ಮಾಡಲು ಬೇರೆಯೇ ಒಂದು ಗುಬಟು ಎಳೆಯಬೇಕು.

ಬಿಸಿಯ ಮುಳ್ಳಿನದು ಇನ್ನೊಂದು ತಕರಾರು. ಎಂಜಿನ್ನಿಗೆ ಹಚ್ಚಿದ ಹಿತ್ತಾಳೆಯ ಸೆಂಡರ್ ಬಿಸಿ ಎಷ್ಟೆಂದು ಮೀಟರಿಗೆ ತಿಳಿಸಬೇಕು. ಸೆಂಡರ್ ಟೆಂಪೊದ್ದು, ಮೀಟರ್ ಕಾರಿನದು. ಟೆಂಪೊದ ಮೀಟರ್ ನನ್ನ ಕಾರಿನ ತೂತಿಗೆ ಕೂರುತ್ತಿರಲಿಲ್ಲ. ವೈರಿಂಗ್ ಮಾಡುವ ಬಾಬು ಮಿಸ್ತ್ರಿ ತಲೆ ಕೆಡಿಸಿಕೊಳ್ಳಲಿಲ್ಲ.

"ಯಾವದೂ ಸುಳ್ಳ ಹೇಳೂದಿಲ್ರಿ ಮಾಸ್ತರ್ರ. ಸೆಂಡರ್ ಮರಾಠಿ ಮಾತಾಡತೈತಿ, ಮೀಟರಿಗೆ ಕನ್ನಡ ಅಷ್ಟ ಬರತೈತಿ. ನಡುವ ಕುಂತು ತಿಳಿಸಿ ಹೇಳಬೇಕು."

ನಮ್ಮ ಗಡಿ ಸೀಮೆಯಲ್ಲಿ ಸಂತೆಗೆ ಬಂದ ಪ್ರತಿ ಮೂರನೆಯವನೂ ಮಾಡುವ ಕೆಲಸ ಅದು.

ಮರುದಿನ ಮಿಸ್ತ್ರಿ ನಮ್ಮ ಅಂಗಳದಲ್ಲಿ ಪಂಪ್ ಸ್ಟೋ ಹಚ್ಚಿಸಿದ. ಪಾತೇಲಿಯ ನೀರಿನಲ್ಲಿ ಸೆಂಡರನ್ನು ಇಳಿಬಿಟ್ಟು, ವೈರನ್ನು ಮೀಟರಿಗೆ ಜೋಡಿಸಿದ. ಶಾಲೆಯ ಪ್ರಯೋಗಾಲಯದ ಥರ್ಮಾಮೀಟರ್ ಹಿಡಿದವನು ನಾನು. "ವೈನಿ, ನೀವು ಒಳಗ ಕುಂತು ಮುಳ್ಳು ನೋಡ್ರಿ," ಎಂದು ಮಿಸ್ತ್ರಿ ಸುಶೀಲಾಳಿಗೆ ಹೇಳಿದ. ನಿಂತ ಗಾಡಿ ಹತ್ತುವುದಕ್ಕೆ ಸುಶೀಲಾಳ ಶಪಥ ಅಡ್ಡ ಬರಲಿಲ್ಲ. ನಾನು "ತೊಂಬತ್ತು" ಎಂದು ಕೂಗಿದಾಗ ಮುಳ್ಳು ಇದ್ದಲ್ಲಿ, ಗಾಜಿನ ಮೇಲೆ ತನ್ನ ಕೆಂಪು ಉಗುರುಬಣ್ಣದಿಂದ ಗೆರೆ ಎಳೆದಳು. ಮುಳ್ಳು ಅಲ್ಲಿಗೆ ಮುಟ್ಟಿದರೆ ಗಾಡಿ ನಿಲ್ಲಿಸಬೇಕು. ನೀರು ಕೊತಕೊತ ಕುದಿಯಿತು. ಮುಳ್ಳು ಮೀಟರಿನ ಸರಿಯಾಗಿ ಅರ್ಧಕ್ಕೆ ಬಂದು ನಿಂತುಬಿಟ್ಟಿತು.

"ನೀವಾಗಿದ್ರ ಇನ್ನೂ ಅರ್ಧ ಐತಿ ಅಂತಿದ್ರಿ," ಎಂದಳು.

ಅನ್ನುತ್ತಿದ್ದೆ. ಎಷ್ಟೋ ವಿಷಯಗಳಲ್ಲಿ ನಾನು ಹಾಗೆಯೇ ಅಂದುಕೊಂಡು ಸಂಸಾರ ಮಾಡಿದವನು.

ತಂಗಿಯ ಮದುವೆಗೆ ಹೊರಡುವ ದಿನ ಅವಳು ತಾನಾಗಿಯೇ ಬಂದು ಮುಂದಿನ ಸೀಟಿನಲ್ಲಿ ಕುಳಿತಳು. ನಾನು ಉಬ್ಬಿಹೋದೆ. ಬಸ್ ಸ್ಟ್ಯಾಂಡಿನ ಮುಂದೆ ಅನಾವಶ್ಯಕವಾಗಿ ಹಾರ್ನ್ ಹೊಡೆದೆ. ಆದರೆ ರಾಯಬಾಗ ದಾಟುತ್ತಲೇ ಮುಳ್ಳು ಮೇಲೇರಿ ಕೆಂಪು ಗೆರೆಯನ್ನು ಮುಟ್ಟಿತು. ಎಂಜಿನ್ನಿನ ಸದ್ದು ಸರಿಯಾಗಿಯೇ ಇತ್ತು. ಉಳಿದದ್ದು ಸ್ವಲ್ಪವೇ ದಾರಿ, ಅತ್ತೆಯ ಮನೆಯವರ ಮುಂದೆ ಕಾರಿನಿಂದ ಇಳಿಯುವ ಆಸೆ ಬೇರೆ. ಸುಶೀಲಾ ಮುಳ್ಳನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಬದಿಗೆ ಹಾಕಿ ಗುಬಟು ಎಳೆದೆ.

ನೀರಿನ ಪೈಪಿನ ಕ್ಲಿಪ್ ಸಡಿಲಾಗಿ ನೀರು ಸೋರಿತ್ತು, ಅಷ್ಟೇ. ಬಿಗಿ ಮಾಡಿದೆ. ಕಬ್ಬಿನ ಗದ್ದೆಯ ಕಾಲುವೆಯಿಂದ ಕೊಡ ತುಂಬಿ ತಂದು, ಎಂಜಿನ್ ಆರಲಿ ಎಂದು ಕಾಯುತ್ತ ನಿಂತೆ. ಕೀಲಿ ತಿರುವಿಟ್ಟು ಅವಳು ಮೀಟರ್ ಕಾಯುತ್ತಿದ್ದಳು.

ಆಗಲೇ ಹಾರೂಗೇರಿ ಬಸ್ಸು ಬಂದು ನಿಂತಿತು. ಕಿಟಕಿಗಳ ತುಂಬ ತಲೆಗಳು. ಎಷ್ಟೋ ತಿಂಗಳಿಂದ ಅವಳ ಗುರುತಿದ್ದ ಕಂಡಕ್ಟರ್ ಬಾಗಿಲಲ್ಲೇ ಜೋತುಬಿದ್ದು ಕರೆದ: "ಮತ್ತ ಕೆಟ್ಟತೇನ್ರಿ ಅಕ್ಕಾರ? ಬರ್ರಿ, ಸೀಟ್ ಐತಿ."

ಮದುವೆಯ ಮನೆ, ತಡವಾದರೆ ಮತ್ತೆ ಅದೇ ಕತೆ. ಹೋಗು ಎನ್ನಲು ಬಾಯಿ ತೆರೆದೆ. ಸುಶೀಲಾ ಬಗ್ಗಿ ಮೀಟರನ್ನೊಮ್ಮೆ ನೋಡಿದಳು.

"ನೀವ್ ನಡೀರಿ," ಎಂದಳು ಅವನಿಗೆ. "ಮುಳ್ಳು ಇಳ್ಯಾಕತ್ತೈತಿ."

ನಿವೃತ್ತಿಯ ದಿನ ನನಗೆ ನಾಲ್ಕು ಶಾಲು ಹೊದಿಸಿದರು. ನಾಲ್ಕನ್ನೂ ಒಟ್ಟಿಗೆ ಹೊದ್ದರೂ ಅವಳ ಆ ಮಾತಿನಷ್ಟು ಬೆಚ್ಚಗಾಗಲಿಲ್ಲ.