ಕಾರ್ಡಿನಲ್ಲಿ ಇದ್ದ ಹಾಗೆ

ನಾನು ಮಧುಗಿರಿಯ ಹೈಸ್ಕೂಲಿನಲ್ಲಿ ಆರನೇ ಫಾರಂ ಓದುತ್ತಿದ್ದಾಗ ಹೊಸ ಹೆಡ್‌ಮಾಸ್ಟರು ಬಂದರು. ಮೈಸೂರಿನಲ್ಲಿ ತರಬೇತಾದವರು, ದನಿ ಏರಿಸದವರು. ಬಂದ ವಾರದಲ್ಲೇ ಎಲ್ಲ ಕ್ಲಾಸುಗಳ ಬೆತ್ತಗಳನ್ನೂ ತರಿಸಿ ಬೀರುವಿನೊಳಗಿಟ್ಟು ಬೀಗ ಹಾಕಿದರು. ಹಳ್ಳಿಯ ಹುಡುಗರು ಫೇಲಾಗುವುದು ದಡ್ಡತನದಿಂದಲ್ಲ, ಅವರ ಅಪ್ಪಂದಿರು ಒಂದು ದಿನವೂ ಸ್ಕೂಲಿನ ಮೆಟ್ಟಿಲು ಹತ್ತದೆ ಇರುವುದರಿಂದ ಎಂಬುದು ಅವರ ಅಭಿಪ್ರಾಯವಾಗಿತ್ತು. ಪೋಷಕರ ಸಭೆ ಕರೆಯಬೇಕೆಂದರು. ಅಂಥದೊಂದು ಸಭೆಯನ್ನು ಅಲ್ಲಿಯವರೆಗೆ ನಮ್ಮಲ್ಲಿ ಯಾರೂ ಕಂಡಿರಲಿಲ್ಲ.

ನನ್ನ ಅಕ್ಷರ ದುಂಡಗಿತ್ತು. ಪೋಷಕರಿಗೆ ಕಳಿಸುವ ಕಾರ್ಡುಗಳನ್ನು ಬರೆಯುವ ಕೆಲಸ ನನಗೆ ಬಂತು. ಹೆಡ್‌ಮಾಸ್ಟರು ಒಕ್ಕಣೆ ಹೇಳಿದರು, ನಾನು ಬರೆದೆ. ಹುಡುಗನ ಹೆಸರು, ಅವನು ಹಿಂದೆ ಬಿದ್ದ ಪಾಠ ಮಾತ್ರ ಬೇರೆ ಬೇರೆ. ಮಿಕ್ಕಿದ್ದೆಲ್ಲ ಒಂದೇ: ‘ಮಕ್ಕಳ ಶಿಕ್ಷಣವು ಉಪಾಧ್ಯಾಯರೊಬ್ಬರಿಂದಲೇ ಆಗತಕ್ಕದ್ದಲ್ಲ. ಪೋಷಕರೂ ಅದರಲ್ಲಿ ತಮ್ಮ ಪಾಲನ್ನು ವಹಿಸತಕ್ಕದ್ದು. ಬರುವ ಶನಿವಾರ ಮಧ್ಯಾಹ್ನ ಖುದ್ದು ಹಾಜರಾಗಬೇಕಾಗಿ ಪ್ರಾರ್ಥನೆ.’

ಆ ಕಾರ್ಡುಗಳಲ್ಲಿ ಒಂದು ನನ್ನ ಜೊತೆಗಾರನ ತಂದೆಗೆ ಹೋಯಿತು. ನಾವಿಬ್ಬರೂ ಬಡವನಹಳ್ಳಿಯ ಹತ್ತಿರದ ಒಂದೇ ಊರಿನವರು. ಮಧುಗಿರಿಯಲ್ಲಿ ಒಂದೇ ಕೋಣೆಯಲ್ಲಿದ್ದು, ಸರದಿಯ ಮೇಲೆ ಮುದ್ದೆ ತಿರುವಿಕೊಂಡು ಓದುತ್ತಿದ್ದೆವು. ಅವನಿಗೆ ಇಂಗ್ಲಿಷು ಬರುತ್ತಿರಲಿಲ್ಲ, ಗಣಿತದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ನನಗೆ ರೇಖಾಗಣಿತ ತಲೆಗೆ ಹತ್ತುತ್ತಿರಲಿಲ್ಲ. ಆ ತಿಂಗಳು ಅವನ ರೇಖಾಗಣಿತದ ನೋಟುಬುಕ್ಕನ್ನು ಕೇಳಿದ್ದೆ.

‘ಕೊಡಾಕಿಲ್ಲ. ಕೂತ್ಕಂಡು ನೀನೇ ಮಾಡ್ಲಾ, ಬತ್ತದೆ’ ಅಂದಿದ್ದ. ಮೂರು ದಿನದಿಂದ ಮಾತು ಬಿಟ್ಟಿದ್ದೆವು. ಪಬ್ಲಿಕ್ ಪರೀಕ್ಷೆಗೆ ಇನ್ನು ಎರಡು ತಿಂಗಳಿತ್ತು. ಪಾಸಾದರೆ ಅವನಿಗೆ ಮೇಷ್ಟರ ಕೆಲಸ ಸಿಗುತ್ತಿತ್ತು. ಫೇಲಾದರೆ ಹೊಲ.

ಭಾನುವಾರ ಊರಿಗೆ ಹೋದಾಗ ಅವನ ಅಪ್ಪ ಜಗಲಿಯ ಮೇಲೆ ಕಾರ್ಡು ಹಿಡಿದು ಕೂತಿದ್ದ. ಮಗ ಪಕ್ಕದಲ್ಲೇ ಇದ್ದರೂ ನನ್ನನ್ನು ಕರೆದ.

‘ಬಾರ್ಲಾ ಇಲ್ಲಿ. ಇದೇನ್ ಬರ್ದವ್ರೆ ನೋಡು.’

‘ನಿಮ್ ಮಗನೇ ಓದ್ತಾನಲ್ಲ ಮಾವ.’

‘ಕಳ್ಳನ ಕೈಲೇ ಪಂಚನಾಮೆ ಓದಿಸ್ತಾರೇನ್ಲಾ? ನೀನೇ ಓದು.’

ನಾನೇ ಬರೆದದ್ದನ್ನು ನಾನೇ ಓದಿದೆ. ನಮ್ಮ ಊರಿನಲ್ಲಿ ಓದಿಗೆ ಓದು ಅನ್ನುತ್ತಿದ್ದರು, ಸ್ಕೂಲಿಗೆ ಇಸ್ಕೂಲು. ಶಿಕ್ಷಣ ಎಂಬ ಮಾತನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಶಿಕ್ಷೆ ಎಂಬುದನ್ನು ಎಲ್ಲರೂ ಕೇಳಿದ್ದರು. ಖುದ್ದು ಹಾಜರಾಗುವುದೂ ಅವರಿಗೆ ಕೋರ್ಟಿನಿಂದಲೇ ಗೊತ್ತಿದ್ದ ಮಾತು.

‘ಸಿಕ್ಸೆ ಮೇಷ್ಟ್ರು ಒಬ್ರಿಂದ ಆಗಾಕಿಲ್ವಂತಾ?’ ಅಂದ ಅಪ್ಪ.

ಪಕ್ಕದಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ಅವನ ಅಜ್ಜಿ ನಕ್ಕಳು. ‘ಹೊಡ್ದು ಹೊಡ್ದು ಕೈ ಸೋತೈತೆ ಕಣ್ಲಾ ಪಾಪ ಅಯ್ನೋರ್ಗೆ. ಆಳು ಕೇಳವ್ರೆ.’

‘ಸಿಕ್ಸೆ ಅಲ್ಲ ಕಣಪ್ಪೋ,’ ಮಗ ಎದ್ದು ನಿಂತ. ‘ಶಿಕ್ಷಣ. ಅಂಗಂದ್ರೆ ಓದು.’

‘ನಿನ್ನ ಕೇಳಿದ್ನೇನ್ಲಾ? ಮುಚ್ಚು.’ ನನ್ನ ಕಡೆ ತಿರುಗಿದ. ‘ನೀನು ಹೇಳು. ಮೇಷ್ಟ್ರ ಜೊತಿಗೆ ನಾನೂ ಪಾಲು ತಕಬೇಕು ಅಂತೈತಾ, ಇಲ್ವಾ?’

ಜೊತೆಗಾರ ನನ್ನ ಮುಖ ನೋಡಿದ. ಮೂರು ದಿನದ ಮೇಲೆ ಅದೇ ಮೊದಲು ನೋಡಿದ್ದು.

‘ಐತೆ. ಕಾರ್ಡ್‌ನಾಗೆ ಏನೈತೋ ಅದ್ನೇ ಓದಿವ್ನಿ ಮಾವ’ ಅಂದೆ. ಸುಳ್ಳಲ್ಲ. ಒಂದಕ್ಷರ ಸೇರಿಸಿರಲಿಲ್ಲ, ಒಂದಕ್ಷರ ಬಿಟ್ಟಿರಲಿಲ್ಲ. ಮುಂದೆ ಪತ್ರಿಕೆಯ ಕೆಲಸದಲ್ಲಿ ಇದೇ ಮಾತನ್ನು ಹಲವರಿಗೆ ಹೇಳಿದ್ದೇನೆ.

ಶನಿವಾರ ಹಾಲ್ ತುಂಬಿತು. ಹತ್ತು ಜನ ಬಂದರೆ ಹೆಚ್ಚು ಎಂದುಕೊಂಡಿದ್ದ ಹೆಡ್‌ಮಾಸ್ಟರು ಬೆಂಚು ಸಾಲದೆ ಜಮಖಾನ ಹಾಸಿಸಿದರು. ತುಮಕೂರಿನಿಂದ ಇನ್‌ಸ್ಪೆಕ್ಟರರೂ ಬಂದು ವೇದಿಕೆಯ ಮೇಲೆ ಕೂತಿದ್ದರು. ಅಪ್ಪಂದಿರು ಸಾಲಾಗಿ ಕೂತರು. ಹಲವರ ಕೈಯಲ್ಲಿ ಹುಣಸೆಯ ಬರಲು ಕೋಲಿತ್ತು. ಜೊತೆಗಾರನ ಅಪ್ಪ ಗಾಡಿ ಹೊಡೆದುಕೊಂಡು ಬಂದವನು ಎತ್ತುಗಳನ್ನು ಹೊರಗೆ ಕಟ್ಟಿ ಬಾರುಕೋಲನ್ನು ಒಳಗೆ ತಂದಿದ್ದ. ಪಾವಗಡದ ಕಡೆಯ ಒಬ್ಬಾತ ಬಾಗಿಲಲ್ಲೇ ಮಗನನ್ನು ಹುಡುಕುತ್ತಿದ್ದ: ‘ಮಾ ವಾಡು ಎಕ್ಕಡ ಸಾರ್? ತೊಂದರಗಾ, ಬೇಗ ತೋರ್ಸಿ, ಬಸ್ಸೋಯ್ತದೆ.’

ಹೆಡ್‌ಮಾಸ್ಟರು ಅರ್ಧ ಗಂಟೆ ಮಾತಾಡಿದರು. ಶಿಕ್ಷಣ ಎಂಬ ಮಾತು ಬಂದಾಗಲೆಲ್ಲ ಅಪ್ಪಂದಿರು ತಲೆಯಾಡಿಸಿದರು. ಆಮೇಲೆ ಹುಡುಗರನ್ನು ಒಬ್ಬೊಬ್ಬರಾಗಿ ಕರೆದು ನಂಬರು ಓದತೊಡಗಿದರು. ಮೊದಲು ಕರೆದದ್ದು ನನ್ನ ಜೊತೆಗಾರನನ್ನು. ಪಟ್ಟಿ ಬರೆದವನು ನಾನು. ಅದರಲ್ಲಿ ಇಂಗ್ಲಿಷು ಮೊದಲ ಕಾಲಮು, ಗಣಿತ ಮೂರನೆಯದು.

‘ಇಂಗ್ಲಿಷು, ಹನ್ನೊಂದು.’

ಅಷ್ಟಕ್ಕೇ ಅಪ್ಪ ಎದ್ದ. ಮೊದಲ ಏಟು ಬೆನ್ನಿಗೆ ಬಿತ್ತು. ಎರಡನೆಯದಕ್ಕೆ ಹುಡುಗ ಮುಖಕ್ಕೆ ಕೈ ಅಡ್ಡ ಹಿಡಿದ. ಬಾರು ಆಚೆ ಹೋಗಿ ಕೋಲು ಬಲಗೈಯ ಬೆರಳುಗಳ ಮೇಲೆ ಬಿತ್ತು. ಆ ಸದ್ದು ಹಿಂದಿನ ಸಾಲಿನವರೆಗೂ ಕೇಳಿಸಿತು.

‘ಏನ್ರೀ ಇದು! ನಿಲ್ಲಿಸಿ!’ ಎಂದರು ಹೆಡ್‌ಮಾಸ್ಟರು.

‘ನೀವೇ ಕರ್ಸಿದ್ರಲ್ಲ ಸ್ವಾಮಿ,’ ಅಂದ ಅಪ್ಪ ವಿನಯದಿಂದಲೇ. ‘ನಿಮ್ ಪಾಲು ನೀವು ಹೊಡೀರಿ. ನಮ್ ಪಾಲು ನಾವು ಹೊಡ್ದಿವಿ.’

‘ಸರ್ಯಾಗೇಳ್ದ ಬುಡು’ ಎಂದು ಹಿಂದಿನಿಂದ ಯಾರೋ ಅಂದರು. ಹಾಲ್ ನಕ್ಕಿತು.

ತಪ್ಪೆಲ್ಲಾಯಿತೆಂದು ಹೆಡ್‌ಮಾಸ್ಟರಿಗೆ ಆಗ ತಿಳಿಯಿತು. ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ತಿದ್ದಲು ಒಂದು ವಾಕ್ಯ ಸಾಕಾಗಿತ್ತು. ಆದರೆ ಇನ್‌ಸ್ಪೆಕ್ಟರರು ಅವರ ಕಡೆ ಬಾಗಿ, ಪೋಷಕರಲ್ಲಿ ಇಷ್ಟು ಆಸಕ್ತಿಯನ್ನು ಬೇರೆ ತಾಲ್ಲೂಕಿನಲ್ಲಿ ಕಂಡಿಲ್ಲ ಎನ್ನುತ್ತಿದ್ದರು. ಹೆಡ್‌ಮಾಸ್ಟರು ಕನ್ನಡಕ ಸರಿಮಾಡಿಕೊಂಡು ಮುಂದಿನ ಹೆಸರು ಓದಿದರು. ನನ್ನ ಜೊತೆಗಾರನ ಗಣಿತದ ನಂಬರನ್ನು ಯಾರೂ ಓದಲಿಲ್ಲ. ಬರಲುಗಳು ಸಂಜೆಯವರೆಗೆ ಕೆಲಸ ಮಾಡಿದವು. ಬೆತ್ತಗಳು ಬೀರುವಿನಲ್ಲೇ ಇದ್ದವು.

ಸಭೆಯ ವರದಿಯನ್ನು ಶುದ್ಧ ಪ್ರತಿ ಮಾಡಿದವನೂ ನಾನೇ. ‘ಪೋಷಕರು ಅತ್ಯುತ್ಸಾಹದಿಂದ ಭಾಗವಹಿಸಿದರು’ ಎಂದು ಅದರಲ್ಲಿತ್ತು.

ಊರಿನಲ್ಲಿ ಮೂಳೆ ಕಟ್ಟುವವನು ಬೆರಳುಗಳಿಗೆ ಬಿದಿರ ದಬ್ಬೆ ಕಟ್ಟಿದ. ಬಿಚ್ಚಿದಾಗ ತೋರುಬೆರಳೂ ನಡುಬೆರಳೂ ಮಡಿಚಲು ಬರುತ್ತಿರಲಿಲ್ಲ. ಪೆನ್ನು ನಿಲ್ಲುತ್ತಿರಲಿಲ್ಲ. ಪರೀಕ್ಷೆಗೆ ಮೂರು ವಾರವಿತ್ತು. ಎಡಗೈಯಲ್ಲಿ ಬರೆಯುತ್ತೇನೆಂದು ಅವನು ಹಲಗೆಯ ಮೇಲೆ ಗೀಚುತ್ತಿದ್ದನಂತೆ.

‘ಪೆನ್ನು ನಿಲ್ದೋದ್ರೆ ಏನಾಯ್ತು, ನೇಗಿಲ ಮೇಣಿ ನಿಲ್ತದೆ’ ಎಂದು ಅಪ್ಪ ಹಲಗೆಯನ್ನು ತೆಗೆದು ಅಟ್ಟಕ್ಕೆಸೆದ.

ಮುಂದಿನ ಸಭೆಯ ಕಾರ್ಡಿನಲ್ಲಿ ಹೆಡ್‌ಮಾಸ್ಟರು ಶಿಕ್ಷಣ ಎಂಬುದನ್ನು ಹೊಡೆದು ವಿದ್ಯಾಭ್ಯಾಸ ಎಂದು ಬರೆಸಿದರು. ಆ ಸಭೆಗೆ ನಾಲ್ಕು ಜನ ಬಂದರು. ‘ಓದ್ಸಾಕೆ ಮೇಷ್ಟ್ರವ್ರಲ್ಲ, ನಾವ್ಯಾಕೆ?’ ಎಂದು ನಮ್ಮೂರಿನವರು ಹೊಲಕ್ಕೆ ಹೋದರು.

ಪರೀಕ್ಷೆಗೆ ಹತ್ತು ದಿನವಿರುವಾಗ ಜೊತೆಗಾರನ ಅಪ್ಪ ನಮ್ಮ ಕೋಣೆಗೆ ಬಂದ. ಮಗನ ಟ್ರಂಕು, ಚಾಪೆ, ಮುದ್ದೆ ಕೋಲು ಗಾಡಿಗೆ ಹಾಕಿದ. ಮಗ ಗಾಡಿಯ ಮೂಕಿಯ ಮೇಲೆ ಎಡಗೈಯಲ್ಲಿ ಹಗ್ಗ ಹಿಡಿದು ಕೂತಿದ್ದ, ಇಳಿಯಲಿಲ್ಲ. ಅಪ್ಪ ಟ್ರಂಕಿನಿಂದ ರೇಖಾಗಣಿತದ ನೋಟುಬುಕ್ಕು ತೆಗೆದು ನನ್ನ ಕೈಗಿಟ್ಟ.

‘ಇನ್ ಅವ್ನಿಗೆ ಯಾತಕ್ಕೆ? ನೀನಿಟ್ಕಳಪ್ಪ. ಅವತ್ತು ಕಾರ್ಡ್ ಓದ್ಕೊಟ್ಟೆ. ನೀನಿಲ್ದಿದ್ರೆ ಇವ್ನು ನಂಗೆ ಏನೋ ಒಂದ್ ಹೇಳಿ ಕಣ್ಣಿಗ್ ಮಣ್ಣೆರಚ್‌ಬುಡ್ತಿದ್ದ.’

ಗಾಡಿಯ ಮೇಲಿದ್ದವನಿಗೆ ಇದು ಕೇಳಿಸಿತು. ‘ಕೂತ್ಕಂಡು ಓದ್ಕಳ್ಲಾ’ ಎಂದ. ‘ನೀನು ಇದ್ದದ್ ಇದ್ದಂಗೇ ಓದ್ತೀಯ.’

ಗಾಡಿ ಹೊರಟಿತು. ನೋಟುಬುಕ್ಕಿನಲ್ಲಿ ಪ್ರತಿಯೊಂದು ಪ್ರಮೇಯವನ್ನೂ ಬಿಡಿಸಿದ್ದ. ಹತ್ತು ದಿನ ಬಾಯಿಪಾಠ ಮಾಡಿದೆ. ಗಣಿತದಲ್ಲಿ ಪಾಸಾದೆ.