ನೀಲವ್ವನ ಬಾಗಿಲಿದ್ದಲ್ಲಿ ಮೆಟ್ಟಿಲು

ಗೋರೆಗಾಂವ್‌ನ ನಮ್ಮ ವಸ್ತಿಯಲ್ಲಿ ಎಲ್ಲ ಮನೆಗಳೂ ನದಿಗೆ ಬೆನ್ನು ಹಾಕಿದ್ದವು. ನೀಲವ್ವನದೊಂದೇ ಅದಕ್ಕೆ ಮುಖ ಮಾಡಿತ್ತು. ಉಳಿದವರು ಹಿಂದಿನ ಕಿಟಕಿಯಿಂದ ಕಸ ಎಸೆದು, ಕಿಟಕಿ ಮುಚ್ಚಿ, ಅದನ್ನು ನಾಲಾ, ಕೊಳಚೆ ಕಾಲುವೆ ಎನ್ನುತ್ತಿದ್ದೆವು. ಎಸೆದವರಲ್ಲಿ ನಾನೂ ಒಬ್ಬಳು. ನೀಲವ್ವ ಮಾತ್ರ ಬೆಳಿಗ್ಗೆ ಹೊಸ್ತಿಲಲ್ಲಿ ಕೂತು ತಲೆ ಬಾಚಿಕೊಳ್ಳುತ್ತ, "ಇವತ್ತ ಹೊಳಿ ಸಿಟ್ಟಿಗೆದ್ದೈತಿ ನೋಡ್ರಿ" ಎನ್ನುವಳು.

ನಾನು ಉಡುಪಿ ಕಡೆಯವಳು, ಓದಿದ್ದು ಮೂರನೇ ಕ್ಲಾಸು. ಹೋಟೆಲಿನ ಅಡುಗೆಮನೆಯಲ್ಲಿ ದುಡಿದ ಗಂಡ ತೀರಿಹೋದ ಮೇಲೆ, ಮಗ ಸೊಸೆ ಕೆಲಸಕ್ಕೆ ಹೋದರೆ ಹಗಲೆಲ್ಲ ನಾನೊಬ್ಬಳೇ. ಮಾತಿಗೆ ಇದ್ದವಳು ನೀಲವ್ವ. ಕಲಬುರಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವಳು. ಬಿಲ್ಡಿಂಗ್‌ಗಳಿಗೆ ಇಟ್ಟಿಗೆ ಹೊತ್ತು ಹೊತ್ತು ನಡುನೆತ್ತಿಯ ಕೂದಲು ಸವೆದಿತ್ತು.

"ಅಕ್ಕಾರ, ನೀವು ಮಾತಾಡಿದ್ರ ಸಾಲಿ ಪುಸ್ತಕ ಓದಿದಂಗ ಆಗತೈತಿ" ಎಂದು ಕಾಡುವಳು.

"ನೀನು ಮಾತಾಡಿದರೆ ಜಗಳ ಆದ ಹಾಗೆ ಕೇಳ್ತದೆ ಮಾರಾಯ್ತಿ" ಎನ್ನುತ್ತಿದ್ದೆ ನಾನು.

ಯಾರಿಗೆ ಹೆರಿಗೆಯಾದರೂ ಬಾಣಂತಿಯಿಂದ ಗಂಗೆ ಪೂಜೆ ಮಾಡಿಸುವವಳು ಅವಳೇ. ಊರಲ್ಲಾದರೆ ಬಾವಿಗೋ ಹೊಳೆಗೋ ಹೋಗಿ ನೀರು ತುಂಬಿ ತರಬೇಕು. ಇಲ್ಲಿ ಬೀದಿಯ ನಲ್ಲಿಗೆ ಅರಿಸಿನ ಕುಂಕುಮ ಹಚ್ಚುವುದು. ಒಮ್ಮೆ ಪೂಜೆಯ ನಡುವೆಯೇ ನಲ್ಲಿ ನಿಂತುಹೋಯಿತು. "ಗಂಗವ್ವ ನಿನ್ನ ಸೀರಿ ನೋಡಿ ನಾಚ್ಯಾಳ, ಸಂಜಿಮುಂದ ಬಾರವ್ವ" ಎಂದು ಆ ಹುಡುಗಿಯನ್ನು ನಗಿಸಿ ಕಳಿಸಿದಳು. ಆಮೇಲೆ ನನ್ನ ಹತ್ತಿರ, "ಹೊಳಿ ಬಾಗಲದಾಗ ಇಟ್ಕೊಂಡು ಕಬ್ಬಣಕ್ಕ ಕೈ ಮುಗೀತೀವಲ್ರೀ" ಎಂದಳು. ಆ ದಿನ ಅವಳು ಊಟ ಮಾಡಲಿಲ್ಲ.

ದಂಡೆಯನ್ನು ಹಸಿರು ತೋಟ ಮಾಡುತ್ತಾರೆ ಎಂದು ಸುದ್ದಿ ಬಂತು. ನಕ್ಷೆ ಮಾಡಿದ ಹುಡುಗಿ ಅದನ್ನು ಗಣಪತಿ ಮಂಟಪದಲ್ಲಿ ಹರಡಿದಳು. ಅವಳ ಅಜ್ಜ ಧಾರವಾಡದವರಂತೆ, ಅಷ್ಟಿಷ್ಟು ಕನ್ನಡ ಬರುತ್ತಿತ್ತು. ಮರ, ಬೆಂಚು, ನಡೆಯುವ ದಾರಿ, ಉದ್ದಕ್ಕೂ ರೇಲಿಂಗ್.

"ನೀರಿಗೆ ಇಳಿಯೂ ದಾರಿ ಎಲ್ಲೈತಿ ತಂಗಿ?" ಎಂದು ನೀಲವ್ವ ಕೇಳಿದಳು.

"ಆಜೀ, ನೀರು ನೋಡಬಹುದು. ಟಚ್ ಮಾಡೋದು ಬೇಡ. ಸೇಫ್ಟಿ."

"ಮುಟ್ಟಲಾರದ ನೀರು ಫೋಟೋದಾಗೂ ಇರತೈತಿ."

ಹುಡುಗಿ ನಕ್ಕಳು. ಆದರೆ ಮರುದಿನ ಒಬ್ಬಳೇ ಬಂದಳು. ಮಳೆಗಾಲದಲ್ಲಿ ನೀರು ಎಲ್ಲಿ ಗುದ್ದುತ್ತದೆ, ಎಲ್ಲಿ ಮಣ್ಣು ಕುಸಿಯುತ್ತದೆ ಎಂದು ನೀಲವ್ವ ದಂಡೆಯುದ್ದ ನಡೆಸಿ ತೋರಿಸಿದಳು. ಅಡಿಯಲ್ಲಿ ಬಂಡೆಯಿದ್ದು ನೀರು ಮೆತ್ತಗೆ ತಿರುಗುವ ಜಾಗ ಒಂದೇ ಇತ್ತು, ಅವಳ ಬಾಗಿಲ ಮುಂದೆ. ಹುಡುಗಿ ಟೇಪು ಹಿಡಿದು ಅಳೆದಳು. ಆಮೇಲೆ ತಲೆ ತಗ್ಗಿಸಿ, "ಆಜೀ, ಇಲ್ಲಿ ಮೆಟ್ಟಿಲು ಬಂದ್ರೆ ನಿಮ್ಮ ಘರ್ ಹೋಗ್ತದೆ. ಮೆಟ್ಟಿಲು ಇಲ್ಲಾಂದ್ರೆ ಉಳೀತದೆ" ಎಂದಳು.

ನೀಲವ್ವ ನೀರಿನ ಕಡೆ ನೋಡಿ ಕೇಳಿದಳು, "ಖರೇನ ಮಾಡ್ತೀರಿ? ಆಮ್ಯಾಲ ಗೇಟ್ ಹಾಕಿ ಬೀಗ ಜಡಿಯಂಗಿಲ್ಲ?"

ಹುಡುಗಿ ಹೋದ ಮೇಲೆ ನಾನು ಬೈದೆ. "ನಿಂಗೆಂತ ಮರುಳಾ? ಎಲ್ಲಿಗೋ ಎತ್ತಿ ಹಾಕ್ತಾರೆ. ನಾನು ಯಾರ ಹತ್ತಿರ ಮಾತಾಡುವುದು?"

"ನಾಳೆ ನಿಮ್ಮ ಮನ್ಯಾಗ ತೊಟ್ಟಲಾ ತೂಗತೈತಿ ಅಕ್ಕಾರ. ನಿಮ್ಮ ಸೊಸಿ ಕಡಿಂದನೂ ನಲ್ಲಿಗೇ ಕೈ ಮುಗಸಲೇನು?"

ಮೂರು ದಿನ ಅವಳ ಜೊತೆ ಮಾತು ಬಿಟ್ಟೆ. ನಮಗೆ ಉಳಿದಿದ್ದ ದಿನಗಳಲ್ಲಿ ಮೂರನ್ನು ಹಾಗೆ ಹಾಳು ಮಾಡಿದೆ.

ಅವಳಿಗೆ ಮುಲುಂಡ್‌ನ ಆಚೆ ಹತ್ತನೇ ಮಾಳಿಗೆಯಲ್ಲಿ ಕೋಣೆ ಸಿಕ್ಕಿತು. ಇಲ್ಲಿ ಚರಂಡಿಗಳನ್ನು ಬೇರೆ ಕಡೆ ತಿರುಗಿಸಿದರು, ಹುಲ್ಲು ಬೆಳೆಸಿದರು, ಎರಡು ಮಳೆಗಾಲ ಕಳೆದ ಮೇಲೆ ಕಲ್ಲಿನ ಮೆಟ್ಟಿಲುಗಳು ನೀರಿನವರೆಗೆ ಇಳಿದವು. ಹೋದ ವರ್ಷ ನನಗೆ ಮೊಮ್ಮಗಳು ಹುಟ್ಟಿದಳು. ಎಷ್ಟೆಂದು ಬರೆಯಲಿ, ಅಷ್ಟು ಸಣ್ಣ ಬೆರಳಿಗೂ ದೇವರು ಉಗುರು ಇಟ್ಟಿದ್ದಾನೆ. ಮೀನಿನವಳಿಗೆ, ರಿಕ್ಷಾದವನಿಗೆ, ಗುರುತಿಲ್ಲದವರಿಗೂ ನಿಲ್ಲಿಸಿ ಹೇಳಿದೆ. ಮೊದಲು ಫೋನ್ ಮಾಡಿದ್ದು ನೀಲವ್ವನಿಗೆ.

ಎರಡು ಲೋಕಲ್ ರೈಲು ಬದಲಿಸಿ ಬಂದಳು, ಬಹಳ ಸೊರಗಿದ್ದಳು. ಸೊಸೆಯ ಕೈ ಹಿಡಿದು ಮೆಟ್ಟಿಲು ಇಳಿಸಿದಳು. ಅವಳಿಂದ ನೀರಿಗೆ ಅರಿಸಿನ ಹಾಕಿಸಿ, ಕೊಡ ತುಂಬಿಸಿದಳು. ಸೊಸೆ ಮೇಲೆ ಬಂದ ಮೇಲೆ ನೀಲವ್ವ ಹುಲ್ಲಿನ ನಡುವೆ ಹೋಗಿ ನಿಂತಳು. ಹುಲ್ಲು ತುಳಿಯಬೇಡ ಎಂದು ಕಾವಲಿನವನು ಸೀಟಿ ಊದಿದ. "ಆಜೀ, ಘಾಸ್ ಪರ್ ನಹೀ."

"ಅಡಿಗಿ ಮನ್ಯಾಗ ನಿಂತೀನಿ ತಮ್ಮಾ. ಹೊಂಟೆ" ಎಂದಳು.

ಅವನಿಗೆ ಕನ್ನಡ ಬರುತ್ತಿರಲಿಲ್ಲ.

ಚಳಿಗಾಲದಲ್ಲಿ ಅವಳ ಮಗಳು ಫೋನ್ ಮಾಡಿ, ಅವ್ವ ಹೋದಳು, ಮಣ್ಣೂ ಆಯಿತು ಎಂದಳು.

ಮೊಮ್ಮಗಳು ಈಗ ಹೆಜ್ಜೆ ಇಡುತ್ತಾಳೆ. ದಿನಾ ಬೆಳಿಗ್ಗೆ ಅವಳನ್ನು ಕೊನೆಯ ಮೆಟ್ಟಿಲಿಗೆ ಇಳಿಸಿ ಪಾದ ನೀರಿಗೆ ಮುಟ್ಟಿಸುತ್ತೇನೆ. ಅವಳು ಕೇಕೆ ಹಾಕಿ ನಗುವಾಗ, ನೋಡಿದೆಯಾ ಮಾರಾಯ್ತಿ ಎಂದು ಪಕ್ಕಕ್ಕೆ ತಿರುಗುತ್ತೇನೆ. ಬೆಂಚಿನಲ್ಲಿ ಹೊಸ ಟವರಿನವರು ಕಿವಿಗೆ ವಯರು ಸಿಕ್ಕಿಸಿಕೊಂಡು ಕೂತಿರುತ್ತಾರೆ. ಮಗುವಿನ ಪಾದವನ್ನು ಸೆರಗಿನಿಂದ ಒರೆಸಿ, ಎತ್ತಿಕೊಂಡು ಮೇಲೆ ಬರುತ್ತೇನೆ.