ಹಿಂದಕ್ಕೆ ಸರಿಸಿದ ಬ್ಯಾಟರಿ

ಡಾಕ್ಟ್ರಮ್ಮ, ನಿಮ್ಮ ಕಾರಿಗೆ ಬೆಂಕಿ ಬಿದ್ದದ್ದು ಮುನಿವೆಂಕಟಪ್ಪನ ಬೀಡಿಯಿಂದ ಅಲ್ಲ. ನನ್ನಿಂದ. ಅದು ನನಗೆ ಆವತ್ತೇ ಗೊತ್ತಿತ್ತು — ನೀವು ನನ್ನ ರಿಪೇರಿ ಅಂಗಡಿಯ ಮುಂದೆ ನಿಂತು ಕೇಳಿದಾಗಲೂ ಗೊತ್ತಿತ್ತು — ಗೊತ್ತಿದ್ದೇ ಸುಳ್ಳು ಹೇಳಿದೆ.

ಇದನ್ನು ಓದಲು ನೀವಿಲ್ಲ. ಹೋದ ವರ್ಷ ನಿಮ್ಮನ್ನು ಕಳಿಸಿಕೊಡಲು ಸೇರಿದ್ದ ಮುಳಬಾಗಿಲಿನ ಜನರ ನಡುವೆ ನಾನೂ ಇದ್ದೆ, ಎಲ್ಲರಿಗಿಂತ ಹಿಂದೆ. ಇಲ್ಲದವರಿಗೆ ಬರೆಯುವುದು ಸುಲಭವಲ್ಲವೇ ಎಂದು ಯಾರಾದರೂ ಚುಚ್ಚಿದರೆ ಒಪ್ಪಿಕೊಳ್ಳುತ್ತೇನೆ. ಇದ್ದಾಗ ಹೇಳುವ ಧೈರ್ಯ ನನಗಿರಲಿಲ್ಲ.

ಆ ಪುಟ್ಟ ಕಾರು ಎಂಬತ್ತರ ದಶಕದ ನಡುವೆ ನಮ್ಮೂರಿಗೆ ಹೊಸದು. ಹಿಂದಿನ ಬಾಗಿಲು ಮೇಲಕ್ಕೆ ಎದ್ದು ನಿಲ್ಲುತ್ತಿತ್ತು. ಅದನ್ನು ನೋಡಲೆಂದೇ ಜನ ನಿಮ್ಮ ಆಸ್ಪತ್ರೆಯ ಮುಂದೆ ಸೇರುತ್ತಿದ್ದರು, ಕಾಯಿಲೆ ಇರಲಿ ಬಿಡಲಿ. ನೀವು ಅದರಲ್ಲಿ ಹೆರಿಗೆ ಮಾಡಿಸಲು ಹಳ್ಳಿ ಹಳ್ಳಿಗೆ ಹೋಗುತ್ತಿದ್ದಿರಿ. ಕರೆಂಟಿಲ್ಲದ ಮನೆಗಳಲ್ಲಿ ಕಾರಿನ ಬ್ಯಾಟರಿಯಿಂದ ವೈರು ಎಳೆದು ಬಲ್ಬು ಉರಿಸುವುದು ನಿಮ್ಮದೇ ಉಪಾಯ. ಮಗು ಹುಟ್ಟುವಷ್ಟರಲ್ಲಿ ಬ್ಯಾಟರಿ ಸತ್ತಿರುತ್ತಿತ್ತು, ಮಗುವಿನ ಅಪ್ಪನೇ ಬಂದು ಕಾರು ತಳ್ಳಬೇಕಾಗುತ್ತಿತ್ತು.

ದೊಡ್ಡ ಬ್ಯಾಟರಿ ಹಾಕಿ ಎಂದು ನೀವು ಕೇಳಿದಿರಿ. ಮುಂದೆ ಇಂಜಿನ್ನಿನ ಪಕ್ಕ ಅದಕ್ಕೆ ಜಾಗವೇ ಇರಲಿಲ್ಲ. ಹಿಂದಿನ ಸೀಟಿನ ಬೆನ್ನಿಗೆ, ಡಿಕ್ಕಿಯಲ್ಲಿ ಕೂರಿಸುತ್ತೇನೆ ಎಂದವನು ನಾನೇ. ಬಾಗಿಲೆತ್ತಿದರೆ ಬ್ಯಾಟರಿ ಅಲ್ಲೇ, ಬಲ್ಬಿನ ಪ್ಲಗ್ಗೂ ಅಲ್ಲೇ. ಕೋಲಾರದಲ್ಲೂ ಯಾರೂ ಮಾಡದ ಕೆಲಸ ಎಂದು ಮೀಸೆ ತಿರುವಿಕೊಂಡೆ. ಪೆಟ್ಟಿಗೆ ಮಾಡಿಸಿ ಬಿಗಿದೆ. ಬೆರಳು ದಪ್ಪದ ಕೇಬಲ್ಲನ್ನು ಕಾರ್ಪೆಟ್ಟಿನ ಕೆಳಗೆ ಹಿಂದಿನಿಂದ ಮುಂದಕ್ಕೆ ಎಳೆದೆ. ಡ್ರೈವರ್ ಕಾಲಿಡುವ ಜಾಗದ ಎದುರಿಗಿರುವ ತಗಡಿಗೆ ತೂತು ಕೊರೆದು ಅದನ್ನು ಇಂಜಿನ್ನಿನ ಕಡೆಗೆ ದಾಟಿಸಿದೆ. ಕೊರೆದ ತೂತಿನ ಅಂಚು ಬ್ಲೇಡಿನಂತಿರುತ್ತದೆ. ಅದಕ್ಕೊಂದು ರಬ್ಬರ್ ಬಳೆ ತೊಡಿಸಬೇಕು, ಇಲ್ಲದಿದ್ದರೆ ಕುಲುಕಾಟಕ್ಕೆ ಕೇಬಲ್ಲಿನ ಮೈ ಸವೆದು, ಒಳಗಿನ ತಾಮ್ರ ತಗಡಿಗೆ ತಾಗಿ ಕಿಡಿ ಹಾರುತ್ತದೆ. ಆ ಅಳತೆಯ ಬಳೆ ಊರಲ್ಲಿ ಸಿಗಲಿಲ್ಲ. ಕೋಲಾರದಿಂದ ತರಿಸಿದೆ. ಅದು ನನ್ನ ಕೈ ಸೇರಿದ್ದು ಆಯುಧಪೂಜೆಯ ದಿನ.

ಅಷ್ಟು ಹೊತ್ತಿಗೆ ಸ್ಪ್ಯಾನರು, ಸ್ಕ್ರೂಡ್ರೈವರು, ಕಟಿಂಗ್ ಪ್ಲೇಯರು ಎಲ್ಲವೂ ತೊಳೆಸಿಕೊಂಡು, ಅರಿಶಿನ ಕುಂಕುಮ ಇಡಿಸಿಕೊಂಡು, ಸೇವಂತಿಗೆ ಮುಡಿದು ಅಪ್ಪನ ಫೋಟೋದ ಕೆಳಗೆ ಮಲಗಿದ್ದವು. ಪೂಜೆಗಿಟ್ಟ ಹತಾರ ಮಾರನೆಯ ದಿನದ ಮಂಗಳಾರತಿಯವರೆಗೆ ಮುಟ್ಟಬಾರದು — ಅಪ್ಪ ಹಾಕಿಕೊಟ್ಟ ಪದ್ಧತಿ. ಲಾರಿಯವರು ಕಾಲಿಗೆ ಬಿದ್ದರೂ ಅಪ್ಪ ಮುಟ್ಟುತ್ತಿರಲಿಲ್ಲ. ಬಳೆ ಹಾಕಲು ಕೇಬಲ್ಲಿನ ಒಂದು ತುದಿ ಬಿಚ್ಚಿದರೆ ಸಾಕಿತ್ತು, ಆದರೆ ಬಿಚ್ಚಲು ಸ್ಪ್ಯಾನರ್ ಬೇಕು. ನಾಳಿದ್ದು ಮಾಡಿದರಾಯಿತು ಎಂದುಕೊಂಡೆ. ನಿಮ್ಮ ಕಾರಿಗೂ ಹಾರ ಹಾಕಿ, ಚಕ್ರಗಳಿಗೆ ನಿಂಬೆಹಣ್ಣಿಟ್ಟು, ಕುಂಬಳಕಾಯಿ ಒಡೆಯಲು ನಿಂತಿದ್ದೆ. ಆಗ ನಿಮ್ಮ ಡ್ರೈವರ್ ಮುನಿವೆಂಕಟಪ್ಪ ಓಡಿಬಂದ.

"ಆಯ್ತೇನ್ಲಾ ಸೀನ? ಯಲ್ದೂರ್ ಕಡೆಯಿಂದ ಬಂದವ್ರೆ. ನೋವು ಶುರುವಾಗೈತಂತೆ. ಅಮ್ಮ ಬ್ಯಾಗ್ ಹಿಡ್ಕೊಂಡ್ ನಿಂತವ್ರೆ."

"ಆಯ್ತು. ತಗೊಂಡ್ ಹೋಗು," ಎಂದೆ. "ನಾಳಿದ್ದು ಒಂದ್ಸಲ ತಂದು ತೋರ್ಸು."

ಏನು ಬಾಕಿ ಇದೆ ಎಂದು ಹೇಳಲಿಲ್ಲ. ಮುಗಿಯದ ಕೆಲಸವನ್ನು ಮುಗಿಯಿತು ಎಂದು ಕೊಟ್ಟದ್ದು ಅದೇ ಮೊದಲು — ಇದನ್ನು ಹೇಳಿಕೊಳ್ಳುವುದರಲ್ಲೂ ಒಂದು ಜಂಬವಿದೆ, ಇರಲಿ. ಹೇಳಿದ ದಿನಕ್ಕೆ ಸರಿಯಾಗಿ ಅವನು ಕಾರು ತಂದ. ನಾನು ಲಾರಿಯೊಂದರ ಕೆಳಗೆ ಮಲಗಿದ್ದೆ, ಹೊರಗೆ ಇನ್ನೂ ಲಾರಿಗಳು ಕಾಯುತ್ತಿದ್ದವು. ಮಲಗಿದಲ್ಲಿಂದಲೇ "ಓಡಿಸಿದ್ಯಲ್ಲ, ಏನಾದ್ರೂ ತೊಂದ್ರೆ ಇತ್ತಾ?" ಎಂದು ಕೇಳಿದೆ. ಇಲ್ಲ ಎಂದ. "ಹಂಗಾದ್ರೆ ಸರಿ ಇದೆ, ಹೋಗು" ಎಂದೆ. ಹತಾರ ಆಗ ನನ್ನ ಕೈಯಲ್ಲೇ ಇತ್ತು ಡಾಕ್ಟ್ರಮ್ಮ. ಇದಕ್ಕೆ ಅಪ್ಪನ ಪದ್ಧತಿಯ ಮೇಲೆ ತಪ್ಪು ಹೊರಿಸುವ ಹಾಗಿಲ್ಲ.

ಮಾವು ಹೂ ಬಿಟ್ಟ ಕಾಲದಲ್ಲಿ, ಹಾಡುಹಗಲೇ, ಅದಾಯಿತು. ನಿಮಗೆ ನಾನೇನು ಹೇಳಬೇಕು, ನೀವೇ ಆ ಕಾರಿನಲ್ಲಿದ್ದಿರಿ. ಯಲ್ದೂರಿನ ಕಡೆಯ ಇನ್ನೊಬ್ಬ ಬಸುರಿ, ಜೊತೆಗೆ ಅವಳ ತಾಯಿ. ಮಗು ಅಡ್ಡ ತಿರುಗಿದೆ, ಕೋಲಾರಕ್ಕೆ ಒಯ್ಯಬೇಕು ಎಂದು ನೀವು ಹೊರಟಿದ್ದಿರಿ. ಶ್ರೀನಿವಾಸಪುರ ದಾಟಿದ ಮೇಲೆ ಮುನಿವೆಂಕಟಪ್ಪನ ಕಾಲಿನ ಹತ್ತಿರ ಹೊಗೆ ಎದ್ದಿತು. ಅವನು ಆ ಹೆಂಗಸನ್ನು ಎತ್ತಿಕೊಂಡು ಹೋಗಿ ಮರದಡಿ ಮಲಗಿಸಿ, ವಾಪಸ್ಸು ಬಂದು ಬರಿಗೈಯಲ್ಲಿ ಮಣ್ಣು ಎರಚಿದನಂತೆ. ಅಂಗೈ ಬೆಂದಿತು. ಹಾಲಿನ ವ್ಯಾನಿನವರು ನಿಮ್ಮನ್ನು ಕೋಲಾರ ಮುಟ್ಟಿಸಿದರು. ಹೆಣ್ಣು ಮಗು. ತಾಯಿ ಮಗು ಇಬ್ಬರೂ ಉಳಿದರು.

ಅರ್ಧ ಸುಟ್ಟ ಕಾರನ್ನು ನನ್ನ ಅಂಗಡಿಗೇ ಎಳೆದು ತಂದರು. ನಾನು ಬಗ್ಗಿ ನೋಡಿದೆ. ತೂತಿನ ಅಂಚಿಗೆ ತಾಮ್ರ ಕರಗಿ ಹತ್ತಿಕೊಂಡಿತ್ತು. ಎಳೆ ಹುಡುಗನಿಗೂ ಅರ್ಥವಾಗುವಷ್ಟು ಸ್ಪಷ್ಟ. ಬೆನ್ನ ಹಿಂದೆ ನೀವಿದ್ದಿರಿ, ನಿಮ್ಮ ಪಕ್ಕ ಕೈಗೆ ಬಟ್ಟೆ ಸುತ್ತಿಕೊಂಡು ಮುನಿವೆಂಕಟಪ್ಪ.

"ನಿಜ ಹೇಳಿ ಸೀನಪ್ಪ. ವೈರಿಂದ ಆಗಿದ್ದಾ, ಇವನ ಬೀಡಿಯಿಂದ ಆಗಿದ್ದಾ?"

"ವೈರಿಂದಲ್ಲಮ್ಮ. ಕಾರ್ಪೆಟ್ಟಿಂದ ಎದ್ದಿರೋ ಬೆಂಕಿ."

ಗಾಬರಿಯಲ್ಲಿ ಬಾಯಿಂದ ಬಂದುಬಿಟ್ಟಿತು ಎಂದು ಬರೆಯಬಹುದಿತ್ತು. ಅದು ಇನ್ನೊಂದು ಸುಳ್ಳಾಗುತ್ತದೆ. ಬಗ್ಗಿದ್ದಷ್ಟು ಹೊತ್ತೂ ಯೋಚಿಸಿದೆ. ನನ್ನ ಹೆಸರು, ಅಂಗಡಿಯ ಹೆಸರು, ನಾಳೆ ಊರವರು ಆಡಿಕೊಳ್ಳುವ ಮಾತು, ಎಲ್ಲವನ್ನೂ ತೂಗಿ ನೋಡಿ ಹೇಳಿದೆ. ಆ ತಕ್ಕಡಿಯಲ್ಲಿ ಮುನಿವೆಂಕಟಪ್ಪನನ್ನು ಇಡಲೇ ಇಲ್ಲ. ನೀವು ಅವನ ಕಡೆ ತಿರುಗಿದಿರಿ. "ನಿನ್ನ ನಂಬಿ ಒಂದು ಬಸುರಿ ಹೆಂಗಸನ್ನ ಕೂರಿಸಿದ್ದೆ. ನಾಳೆಯಿಂದ ಬರಬೇಡ," ಎಂದಿರಿ. ನಿಮ್ಮ ದನಿ ಏರಲೂ ಇಲ್ಲ. ನೀವಿಬ್ಬರೂ ಹೋದ ಮೇಲೆ ನಾನು ಅರ ಹಿಡಿದು ಆ ತಾಮ್ರವನ್ನು ಉಜ್ಜಿ ತೆಗೆದೆ.

ಅವನು ಊರು ಬಿಡುವ ಮುಂಚೆ ಬಂದ. ಹೆಂಡತಿ ಮಕ್ಕಳಿಲ್ಲದ ನನಗೆ ಸಂಜೆ ಜೊತೆಗೆ ಕೂತು ಕಾಫಿ ಕುಡಿಯುವ ಮನುಷ್ಯ ಅಂತ ಇದ್ದದ್ದು ಅವನೊಬ್ಬನೇ. ಏನಾದರೂ ಕೆಟ್ಟು ನಾನು ತಲೆ ಮೇಲೆ ಕೈಹೊತ್ತು ಕೂತರೆ "ಏಂ ಕಾದುಲೇರಾ" — ಏನೂ ಆಗಲ್ಲ ಬಿಡೋ — ಎಂದು ತೆಲುಗಿನಲ್ಲಿ ಸಮಾಧಾನ ಮಾಡುತ್ತಿದ್ದವನು. ಆವತ್ತು ಕಾಫಿ ಮುಟ್ಟಲಿಲ್ಲ.

"ಹೊರಡೋಕ್ ಮುಂಚೆ ಒಂದು ಸೇದಿದ್ದೆ ಕಣೋ. ಕಾಲಲ್ಲಿ ಹೊಸಕಿದ್ದೆ ಅಂತ ನೆನಪು. ಚಪ್ಲಿಗೆ ಕಿಡಿ ಅಂಟ್ಕೊಂಡ್ ಬಂದಿತ್ತೇನೋ... ಎರಡು ಜೀವ ತೆಗೀತಿದ್ನಲ್ಲೋ ನಾನು."

ನೋಡಿ, ಇದು ನಾನು ಎಣಿಸಿರದ ವಿಷಯ. ಅವನು ನನ್ನ ಮೇಲೆ ಹರಿಹಾಯುತ್ತಾನೆ, ಅಲ್ಲ ಎಂದು ವಾದಿಸುತ್ತಾನೆ ಎಂದುಕೊಂಡಿದ್ದೆ. ಅವನು ನನ್ನ ಮಾತು ನಂಬಿದ್ದ. ತನ್ನ ನೆನಪಿಗಿಂತ ಹೆಚ್ಚಾಗಿ ನಂಬಿದ್ದ. ನಾನು ಅವನ ಭುಜದ ಮೇಲೆ ಕೈಯಿಟ್ಟು "ಬಿಡೋ, ಆಗಿದ್ದು ಆಗೋಯ್ತು" ಎಂದೆ. ದೊಡ್ಡ ಮನಸ್ಸಿನಿಂದ ಕ್ಷಮಿಸುವವನ ಹಾಗೆ... ಆ ಕೈ ಇವತ್ತಿಗೂ ನನ್ನದೇ, ಅದರಲ್ಲೇ ಇದನ್ನು ಬರೆಯುತ್ತಿದ್ದೇನೆ.

ಅವನು ಸುಗಟೂರಿಗೆ ಹೋಗಿ ಅಣ್ಣನ ಜಮೀನಿನಲ್ಲಿ ತರಕಾರಿ ಬೆಳೆಯಲು ನಿಂತ. ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ. ಯಾರೋ ಟ್ರ್ಯಾಕ್ಟರ್ ಓಡಿಸು ಎಂದು ಕರೆದರೂ ಒಲ್ಲೆ ಎಂದನಂತೆ. ನೀವೂ ಬೇರೆ ಡ್ರೈವರನ್ನು ಇಟ್ಟುಕೊಳ್ಳಲಿಲ್ಲ. ಕಾರು ರಿಪೇರಿಯಾದ ಮೇಲೆ ಮೊದಲಿನ ಸಣ್ಣ ಬ್ಯಾಟರಿಯನ್ನೇ ಮತ್ತೆ ಮುಂದೆ ಕೂರಿಸಲು ಹೇಳಿದಿರಿ, ಕೂರಿಸಿಕೊಟ್ಟೆ. ಆಮೇಲೆ ಒಬ್ಬರೇ ಓಡಿಸಿಕೊಂಡು ಹಳ್ಳಿಗಳಿಗೆ ಹೋಗುತ್ತಿದ್ದಿರಿ. ನನ್ನ ಅಂಗಡಿಯ ಮುಂದೆ ನೀವು ಹಾದು ಹೋದಾಗಲೆಲ್ಲ ನಿಮ್ಮ ಪಕ್ಕದ ಖಾಲಿ ಸೀಟು ಕಾಣುತ್ತಿತ್ತು. ನಾನು ತಲೆ ತಗ್ಗಿಸಿ ಕೆಲಸ ಮಾಡುತ್ತಿದ್ದೆ. ಸಂಜೆ ಒಂದೇ ಲೋಟ ಕಾಫಿ ಕಾಸಿಕೊಳ್ಳುತ್ತಿದ್ದೆ.

ಒಮ್ಮೆ ಹೆಡ್‌ಲೈಟ್ ಸರಿಮಾಡಿಸಲು ಬಂದಾಗ ನೀವೇ ಕೇಳಿದಿರಿ: "ಮುನಿವೆಂಕಟಪ್ಪ ಹೇಗಿದಾನೆ? ಏನಾದ್ರೂ ಗೊತ್ತಾ?" ಕೇಳಿದ ಮೇಲೆ ಸ್ವಲ್ಪ ಹೊತ್ತು ಕಾದಿರಿ. ಆಗ ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಹೇಳಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. "ಗೊತ್ತಿಲ್ಲಮ್ಮ" ಎಂದೆ.

ನೀವು ಹೋದ ದಿನ ಅವನು ಸುಗಟೂರಿನಿಂದ ಬಂದಿದ್ದ. ನಿಮ್ಮ ಮನೆಯ ಗೇಟಿನ ಹೊರಗೆ, ರಸ್ತೆಯ ಆಚೆ ಬದಿಯಲ್ಲಿ ನಿಂತಿದ್ದ. ಒಳಗೆ ಬಾ ಎಂದರೆ ತಲೆಯಾಡಿಸಿದ. "ಬೇಡ ಕಣೋ. ಬರಬೇಡ ಅಂದಿದ್ರು," ಎಂದ. ನಿಮ್ಮ ಮುಖ ನೋಡದೆಯೇ ಬಸ್ಸು ಹತ್ತಿದ.

ಆ ಮಾತು ನನ್ನನ್ನು ಕೂರಲು ಬಿಡಲಿಲ್ಲ. ಆದರೂ ತಿಂಗಳುಗಟ್ಟಲೆ ತಡಮಾಡಿ ಹೋದ ವಾರ ಸುಗಟೂರಿಗೆ ಹೋದೆ. ತೋಟದ ಬದುವಿನ ಮೇಲೆ ಅವನ ಪಕ್ಕ ಕೂತು ಎಲ್ಲವನ್ನೂ ಹೇಳಿದೆ. ಪೂಜೆ, ತೂತು, ತಾಮ್ರ, ಅರ — ಒಂದನ್ನೂ ಬಿಡಲಿಲ್ಲ. ಅವನು ಹೊಡೆದಿದ್ದರೆ ಹೊಡೆಸಿಕೊಳ್ಳುತ್ತಿದ್ದೆ. ಅವನು ತನ್ನ ಅಂಗೈಯ ಸುಟ್ಟ ಕಲೆ ನೋಡಿಕೊಂಡ. ಆಮೇಲೆ ಒಂದೇ ಒಂದು ಮಾತು ಕೇಳಿದ.

"ಅಮ್ಮನಿಗೆ ಗೊತ್ತಾಗ್ದೇನೇ ಹೋದ್ರಾ?"

ಹೌದು ಎಂದೆ. ಅವನು ಎದ್ದು ನೀರು ತಿರುಗಿಸಲು ಹೋದ. ಮತ್ತೆ ನನ್ನ ಕಡೆ ನೋಡಲಿಲ್ಲ.

ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಇದು ನಿಮಗೆ ಮುಟ್ಟುವುದಿಲ್ಲ ಎಂದು ಗೊತ್ತಿದೆ. ಆದರೆ ಆ ಮಗುವಿನ ತಾಯಿ ಇದ್ದಾಳೆ. ಡ್ರೈವರನ ಬೀಡಿಯಿಂದ ಸತ್ತೇ ಹೋಗುತ್ತಿದ್ದೆ ಎಂದು ಯಲ್ದೂರಿನಲ್ಲಿ ಇವತ್ತಿಗೂ ಕಂಡವರಿಗೆಲ್ಲ ಹೇಳುತ್ತಾಳಂತೆ. ತನ್ನನ್ನು ಬೆಂಕಿಯಿಂದ ಎತ್ತಿ ಹೊರಗೆ ತಂದವನ ಬಗ್ಗೆ ಅವಳು ಆಡುವ ಮಾತು ಅದು, ಹಾಗೆ ಆಡಿಸುತ್ತಿರುವವನು ನಾನು. ನಾಳೆ ಬೆಳಗ್ಗೆ ಯಲ್ದೂರಿಗೆ ಹೋಗಿ ಅವಳ ಮುಂದೆ, ಅವಳ ಮಗಳ ಮುಂದೆ, ಬೀದಿಯಲ್ಲಿ ಇದ್ದವರ ಮುಂದೆ ಹೇಳುತ್ತೇನೆ. ಜೊತೆಗೆ ಬರುತ್ತೀಯಾ ಎಂದು ಮುನಿವೆಂಕಟಪ್ಪನನ್ನು ಕೇಳಬೇಕು ಅನ್ನಿಸಿತ್ತು. ಕೇಳುವ ಹಕ್ಕು ನನಗಿಲ್ಲ. ಒಬ್ಬನೇ ಹೋಗುತ್ತೇನೆ.